ಫೀಮೇಲ್ ವಾರ್ಡಿನ ಹಲಬರ್ಗಾದಾಕಿ

ಭಾಲ್ಕಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತ ಕಲಿಸುತ್ತ ನನ್ನ ತಲೆ ಅರ್ಧ ಬೆಳ್ಳಗಾಗಿದೆ. ಪ್ರತಿ ವರ್ಷ ಒಂದು ಪಾಠ ತಪ್ಪದೆ ಬರುತ್ತದೆ: ಹೆಂಗಸರನ್ನು ಕರೆಯುವ ಇಂಗ್ಲಿಷ್ ಪದಗಳು ಎಲ್ಲಿಂದ ಬಂದವು, ಏನೇನಾದವು ಎಂಬುದು. ಮೊದಮೊದಲು ಹುರುಪಿನಿಂದ ಹೇಳುತ್ತಿದ್ದೆ. ಈಗ ಆಕಳಿಕೆ ಬರುತ್ತದೆ, ಅದರ ಹಿಂದೆಯೇ ಸಿಟ್ಟೂ ಬರುತ್ತದೆ.

ಲೇಡಿ ಎಂದರೆ ಮೂಲದಲ್ಲಿ ರೊಟ್ಟಿಯ ಹಿಟ್ಟು ನಾದುವವಳು. ಲಾರ್ಡ್ ಎಂದರೆ ಆ ರೊಟ್ಟಿಯನ್ನು ಕಾಯುವವನು. ನಾದಿ ಸುಟ್ಟವಳು ಇವಳು, ಕಾವಲು ಕೂತು ದೊಡ್ಡವನಾದವನು ಅವನು. ವೈಫ್ ಎಂದರೆ ಹಿಂದೆ ಬರೀ ಹೆಂಗಸು ಅಷ್ಟೇ, ಬರಬರುತ್ತ ಯಾರದೋ ಹೆಂಡತಿಯಾದಳು. ಸ್ಪಿನ್‌ಸ್ಟರ್ ಎಂದರೆ ನೂಲು ತೆಗೆಯುವವಳು. ದುಡಿಮೆ ಮರೆತುಹೋಗಿ, ಮದುವೆಯಾಗದೆ ಉಳಿದವಳು ಎಂಬ ಚುಚ್ಚುಮಾತಷ್ಟೇ ಉಳಿಯಿತು. ಹೌಸ್‌ವೈಫ್ ಎಂಬ ಮರ್ಯಾದೆಯ ಮಾತು ಜನರ ಬಾಯಲ್ಲಿ ಸವೆದೂ ಸವೆದೂ ಹಸ್ಸಿ ಎಂಬ ಬೈಗುಳವಾಯಿತು. ಎಲ್ಲರನ್ನೂ ಒಟ್ಟಿಗೆ ಹೇಳಬೇಕಾದಾಗ ಫೇರ್ ಸೆಕ್ಸ್ ಎಂದರು, ವೀಕರ್ ಸೆಕ್ಸ್ ಎಂದರು. ಚೆಂದದವರಂತೆ, ಬಲವಿಲ್ಲದವರಂತೆ. ನೂಲುವಾಗ ಹಿಡಿಯುವ ಕೋಲಿಗೆ ಡಿಸ್ಟಾಫ್ ಅನ್ನುತ್ತಾರೆ, ತಾಯಿಯ ಕಡೆಯ ಬಳಗಕ್ಕೆಲ್ಲ ಆ ಕೋಲಿನ ಹೆಸರನ್ನೇ ಅಂಟಿಸಿದರು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆಯುತ್ತದೆ, ಹುಡುಗಿಯರು ಬಸ್ಸು ಹಿಡಿಯಲು ಓಡುತ್ತಾರೆ, ನಾನು ಸ್ಟಾಫ್ ರೂಮಿಗೆ ಬಂದು ಕೂಡುತ್ತೇನೆ. ಅಲ್ಲಿ ನಾವು ‘ಲೇಡೀಸ್ ಸ್ಟಾಫ್’. ಅತಿಥಿಗಳು ಬಂದರೆ ಆರತಿ ಹಿಡಿಯುವುದು, ರಂಗೋಲಿ ಹಾಕುವುದು ನಮ್ಮ ಪಾಲಿಗೆ.

ಹೋದ ಚಳಿಗಾಲದಲ್ಲಿ ಆ ಪಾಠ ಮುಗಿಸಿ ಬಂದಾಗಲೇ ಫೋನ್ ಬಂತು. ಔರಾದ ತಾಲೂಕಿನ ಚಿಂತಾಕಿ ನನ್ನ ತವರು. ಅಪ್ಪ ಹೋದ ಮೇಲೆ ಅವ್ವ ಅಲ್ಲಿ ತಮ್ಮನ ಜೊತೆ ಇದ್ದಾಳೆ. ಅವತ್ತು ತಮ್ಮ ಕುರಿ ಮಾರಲು ಬೇರೆ ಊರಿಗೆ ಹೋಗಿದ್ದ. ಅಂಗಳದಲ್ಲಿ ತೊಗರಿ ಒಣ ಹಾಕುತ್ತಿದ್ದ ಅವ್ವ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಳು. ಬಾಜೂ ಮನೆಯ ಕಾಕು ಅವಳನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಔರಾದಕ್ಕೆ ಒಯ್ದಿದ್ದಳು. ಅಲ್ಲಿಯವರು ಬೀದರಿಗೆ ಕಳಿಸಿದ್ದರು. ದವಾಖಾನೆಯ ಹೆಸರು ಹೇಳಿದ ಕಾಕು, ಎಲುಬಿನ ಡಾಕ್ಟರು ಸಂಜೆಗೆ ಹೊರಟುಬಿಡುತ್ತಾರಂತೆ, ಮನೆಯವರು ಬಂದು ಹೂಂ ಅನ್ನದೆ ಕೈ ಹಚ್ಚುವುದಿಲ್ಲವಂತೆ, ಲಗೂನೆ ಬಾ ಎಂದಳು. ಅಷ್ಟರಲ್ಲಿ ಅವಳ ಫೋನ್ ಬಂದ್ ಆಯಿತು.

ಭಾಲ್ಕಿಯಿಂದ ಹೊರಟ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹತ್ತಿದವಳು ನಾನೊಬ್ಬಳೇ, ಆದರೂ ಕಂಡಕ್ಟರ್ ಲೇಡೀಸ್ ಒಳಗ ಸರೀರಿ ಎಂದ. ನಿಂತುಕೊಂಡೇ ಬೀದರ ಮುಟ್ಟಿದೆ. ಆ ದಾರಿಯುದ್ದಕ್ಕೂ ನನಗೆ ಹೆದರಿಕೆಯಾಗಿತ್ತು. ಅವ್ವ ನೋವು ತಿನ್ನುತ್ತ ಮಲಗಿದ್ದಾಳೆ, ಹೂಂ ಅನ್ನಲು ಯಾರೂ ಇಲ್ಲ ಎಂಬುದೊಂದೇ ತಲೆಯಲ್ಲಿತ್ತು.

ದವಾಖಾನೆಯ ಕಿಟಕಿಯಲ್ಲಿ ಅವ್ವನ ಹೆಸರು ಹೇಳಿದೆ. ಅಂಥವರು ಯಾರೂ ಬಂದಿಲ್ಲ ಎಂದರು. ಮತ್ತೊಮ್ಮೆ ನೋಡಿ ಎಂದೆ, ನೋಡಿದರು, ಇಲ್ಲ ಎಂದರು. ಒಂದು ಮಹಡಿ ಹತ್ತಿ ಕೇಳಿದೆ, ಇನ್ನೊಂದು ಹತ್ತಿ ಕೇಳಿದೆ. ‘ಫೀಮೇಲ್ ವಾರ್ಡ್’ ಎಂದು ಬರೆದ ಬಾಗಿಲ ಮುಂದೆ ಕಾವಲಿನವನು ತಡೆದು ನಿಲ್ಲಿಸಿದ. ಫೀಮೇಲ್ ಎಂಬುದು ಮೇಲ್‌ನಿಂದ ಹುಟ್ಟಿದ್ದೇ ಅಲ್ಲ, ಬೇರೆ ಕಡೆಯಿಂದ ಬಂದ ಪದವನ್ನು ಅದರ ಜೋಡಿ ಕಾಣುವಂತೆ ತಿದ್ದಿದ್ದಾರೆ ಎಂದು ಅವತ್ತಷ್ಟೇ ಬೋರ್ಡಿನ ಮೇಲೆ ಬರೆದು ಬಂದಿದ್ದೆ. ಸುಡಲಿ ಆ ವಿದ್ಯೆ. ಹೊರಗೆ ಹೊತ್ತು ಇಳಿಯುತ್ತಿತ್ತು. ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಕೂತಾಗ ಕಾಕುವಿನ ನೆನಪಾಯಿತು. ಇಷ್ಟು ವರ್ಷ ಒಂದೇ ಗೋಡೆಯ ಆಚೆ ಈಚೆ ಬಾಳಿದ ಕಾಕುವಿಗೆ ಅವ್ವನ ಹೆಸರು ಗೊತ್ತಿದ್ದೀತೇ? ನಮ್ಮ ಕಡೆ ಸೊಸೆಯಾಗಿ ಬಂದವಳನ್ನು ಅವಳ ತವರಿನ ಊರು ಹಿಡಿದು ಕರೆಯುತ್ತಾರೆ. ಸಾಯಗಾಂವದಿಂದ ಬಂದ ಕಾಕು ಸಾಯಗಾಂವದಾಕಿ, ಹಲಬರ್ಗಾದಿಂದ ಬಂದ ಅವ್ವ ಹಲಬರ್ಗಾದಾಕಿ. ನಳದ ಹತ್ತಿರ, ಹೊಲದಲ್ಲಿ, ಮದುವೆ ಮನೆಯಲ್ಲಿ ಅದೇ ಹೆಸರು. ಈ ರೂಢಿಯ ಮೇಲೆ ನನಗೆ ಮೊದಲಿನಿಂದಲೂ ಮುನಿಸು. ಹೆಣ್ಣಿಗೊಂದು ಹೆಸರೂ ಇಲ್ಲವೇ, ಎಮ್ಮೆಗಾದರೂ ಇರುತ್ತದಲ್ಲ ಎಂದು ಊರಿಗೆ ಹೋದಾಗಲೆಲ್ಲ ಹರಿಹಾಯ್ದಿದ್ದೇನೆ.

ಎದ್ದು ಹೋಗಿ, ಬಾಗಿಲಿಗೆ ಬಂದ ವಾರ್ಡಿನ ಸಿಸ್ಟರ್‌ಗೆ ಹಲಬರ್ಗಾ ಎಂದು ಹೇಳಿದೆ, ಅಷ್ಟೇ. ಆಕೆ ನನ್ನನ್ನೇ ದಬಾಯಿಸಿದಳು.

“ಹಲಬರ್ಗಾ ಬಾಯಿ ಕಡೆಯವರೇನ್ರಿ? ಎಷ್ಟೊತ್ತರಿ ಬರೋದು? ಡಾಕ್ಟರ್ ನಿಮ್ಮ ಸಲುವಾಗೇ ಕುಂತಾರ.”

ಡಾಕ್ಟರು ಇನ್ನೂ ಹೋಗಿರಲಿಲ್ಲ. ಹೂಂ ಅಂದೆ, ಅವರು ಆಪರೇಷನ್ನಿನ ತಯಾರಿಗೆ ಎದ್ದರು. ಒಳಗೆ ಮೂಲೆಯ ಮಂಚದ ಮೇಲೆ ಅವ್ವ, ಅವಳ ತಲೆ ಸವರುತ್ತ ಕಾಕು. ತಲೆಯ ಹತ್ತಿರ ತೂಗು ಹಾಕಿದ ಚೀಟಿಯ ಮೇಲೆಯೂ ಹಲಬರ್ಗಾ ಬಾಯಿ ಎಂದೇ ಇತ್ತು. ನನ್ನ ದಣಿವೆಲ್ಲ ಸಿಟ್ಟಾಗಿ ಹೊರಬಿತ್ತು. ಇಡೀ ದವಾಖಾನೆ ತಿರುಗಿ ಸತ್ತೆ, ಸರಿಯಾದ ಹೆಸರು ಹೇಳಲು ನಿಮಗೇನಾಗಿತ್ತು ಎಂದು ಕಾಕುವಿನ ಮೇಲೆ ಹೋದೆ. ಈಗಿಂದೀಗಲೇ ತಿದ್ದಿಸುತ್ತೇನೆಂದು ಚೀಟಿಗೆ ಕೈ ಹಾಕಿದೆ. ಅವ್ವ ನನ್ನ ಕೈ ಹಿಡಿದಳು.

“ಆಕಿಗಿ ಯಾಕ ಬೈತಿ? ನೀ ಹೇಳೋ ಹೆಸರು ನಿಮ್ಮಪ್ಪನ ಮನಿಯವರು ಮದಿವ್ಯಾಗ ಇಟ್ಟಿದ್ದು. ತಾಟಿನಾಗಿನ ಅಕ್ಕಿ ಮ್ಯಾಲ ಉಂಗುರಲೆ ಬರದು, ಇವತ್ತಿಂದ ಇದು ನಿನ್ನ ಹೆಸರು ಅಂದ್ರು. ನನಗ ಯಾರ್ ಕೇಳ್ಯಾರ? ಹಲಬರ್ಗಾ ನಂದು. ನಮ್ಮವ್ವನ ಮನಿ ಅದು. ಈ ಹೆಣ್ಣಮಕ್ಕಳು ದಿನಾ ಅದರ ಹೆಸರು ತಗೊಂಡು ಕರೀತಾರ, ಅದಕ್ಕ ಚಿಂತಾಕ್ಯಾಗ ಬಾಳೇನಿ.”

ಕಾಕು ಸೆರಗಿನಿಂದ ಅವ್ವನ ಹಣೆ ಒರೆಸಿದಳು. ನಾನು ಚೀಟಿಯಿಂದ ಕೈ ತೆಗೆದೆ. ನೋವಿನ ಸೂಜಿ ಚುಚ್ಚಿದ್ದರಿಂದ ಅವ್ವನ ಕಣ್ಣು ಎಳೆಯುತ್ತಿದ್ದವು. ಸ್ಟ್ರೆಚರ್ ಬಂತು, ಎತ್ತಿ ಮಲಗಿಸಿದರು. ಆಪರೇಷನ್ ಕೋಣೆಯ ತನಕ ಕೈ ಹಿಡಿದು ನಡೆದೆ. ಬಾಗಿಲ ಹತ್ತಿರ ಅವಳು ಕಣ್ಣು ತೆರೆದಳು.

“ಭಾಲ್ಕ್ಯಾಗ ನಿನಗ ಯಾರರೆ ಚಿಂತಾಕಿಯಾಕಿ ಅಂತಾರೇನವ್ವ?”

ಇಲ್ಲ, ಮೇಡಂ ಅನ್ನುತ್ತಾರೆ ಎಂದೆ.

“ಅಯ್ಯ. ಹಂಗಾದ್ರ ನಿನಗ ತವರು ಐತಿ ಅಂತ ಅಲ್ಲಿ ಯಾರಿಗೂ ಗೊತ್ತೇ ಇಲ್ಲಲ್ಲ.”

ಅವಳನ್ನು ಒಳಗೆ ತಳ್ಳಿಕೊಂಡು ಹೋದರು, ಬಾಗಿಲು ಮುಚ್ಚಿತು. ನಾನು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಕಾಕು ಬಂದು ಬೆನ್ನು ಸವರಿ, ಎಲುಬು ಕೂಡ್ತದ ಬಿಡು, ನಿಮ್ಮವ್ವ ಗಟ್ಟಿ ಅದಾಳ ಎಂದು ಸಮಾಧಾನ ಹೇಳಿದಳು. ಎಲುಬಿಗಾಗಿ ಅಳುತ್ತಿದ್ದೇನೆಂದು ಆಕೆ ತಿಳಿದಿದ್ದಳು. ಹಾಗೆಯೇ ತಿಳಿಯಲಿ ಎಂದು ಹೂಂ ಅಂದೆ.