ಗಾಡಿ ಕೇಳುವ ಕಾಂತರಾಜು

ದುದ್ದದಲ್ಲಿ ಯಾರೇ ಹಳೇ ಬೈಕು ಕೊಳ್ಳಲಿ, ಮೊದಲು ಹಿಟ್ಟಿನ ಮಿಲ್ಲಿಗೆ ಬರುತ್ತಾರೆ. ರಾಗಿ ಬೀಸಿಸುವುದಕ್ಕಲ್ಲ, ಮಿಲ್ಲಿನ ಕಾಂತರಾಜುವನ್ನು ಜೊತೆಗೆ ಕರೆದೊಯ್ಯುವುದಕ್ಕೆ. ಬೇರೆಯವರು ಗಾಡಿ ನೋಡುತ್ತಾರೆ, ಕಾಂತರಾಜು ಗಾಡಿ ಕೇಳುತ್ತಾನೆ ಅನ್ನುವುದು ಊರಿನ ಮಾತು. ಎಂಜಿನ್ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ ಕಿವಿ ಕೊಟ್ಟನೆಂದರೆ ಒಳಗಿರುವ ಕಾಯಿಲೆಯೆಲ್ಲ ಅವನಿಗೆ ತಿಳಿದುಬಿಡುತ್ತದಂತೆ.

ಈ ಹೆಸರು ಬಂದದ್ದು ಚನ್ನರಾಯಪಟ್ಟಣದ ಒಂದು ಕೆಂಪು ಬೈಕಿನಿಂದ. ಮದುವಣಗಿತ್ತಿಯ ಹಾಗೆ ಮಿರಮಿರ ಮಿಂಚುತ್ತಿದ್ದ ಆ ಗಾಡಿಯನ್ನು ಎಲ್ಲರೂ ಮೆಚ್ಚಿದಾಗ ಇವನೊಬ್ಬ ಎಂಜಿನ್ ಸದ್ದು ಕೇಳಿ ‘ಬ್ಯಾಡ’ ಅಂದಿದ್ದ. ಅದನ್ನು ಕೊಂಡ ಇನ್ನೊಬ್ಬ ತಿಂಗಳೊಳಗೆ ಎಂಜಿನ್ ಬಿಚ್ಚಿಸಿ ಮೆಕ್ಯಾನಿಕ್ಕಿನ ಮುಂದೆ ತಲೆಮೇಲೆ ಕೈಹೊತ್ತು ಕೂತ. ಅವತ್ತೇ ಕಾಂತರಾಜುವಿನ ಭಾನುವಾರಗಳಿಗೆ ಎಳ್ಳುನೀರು ಬಿಟ್ಟಂತಾಯಿತು. ಹೊಸ ಬ್ರೇಕ್ ಶೂ ತಂದವರು ಕೂಡ ಪ್ಯಾಕೆಟ್ಟು ಹಿಡಿದು ಮಿಲ್ಲಿಗೇ ಬರುತ್ತಾರೆ: ‘ಇದು ಒರಿಜಿನಲ್ಲಾ, ಡೂಪ್ಲಿಕೇಟಾ, ಒಸಿ ನೋಡು.’ ಹಿಟ್ಟಿನ ಕೈಯಲ್ಲೇ ತಿರುಗಿಸಿ ನೋಡಿ ಹೇಳಬೇಕು. ಗಾಡಿ ಚೆನ್ನಾಗಿ ಓಡಿದರೆ ಅದು ಕೊಂಡವನ ಅದೃಷ್ಟ. ಟೈರು ಪಂಕ್ಚರ್ ಆದರೂ ತಪ್ಪು ಕಾಂತರಾಜುವಿನದು. ಒಂದು ಲೋಟ ಕಾಫಿ ಕುಡಿಸಿ ಒಂದು ದಿನವನ್ನೇ ತಿಂದುಹಾಕುವ ಈ ಜನರಿಗೆ ಇಲ್ಲ ಅನ್ನುವ ವಿದ್ಯೆ ಅವನಿಗೆ ಬರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ.

ಈಗ ಅದಕ್ಕಿಂತ ದೊಡ್ಡ ತಾಪತ್ರಯ ಒಂದಿತ್ತು. ಮೂವತ್ತು ವರ್ಷ ಮಿಲ್ಲಿನ ಗರಗರ ಕೇಳಿ ಕೇಳಿ ಅವನ ಕಿವಿ ಮಂದವಾಗಿತ್ತು. ಮೋಟಾರು ನಿಲ್ಲಿಸಿದರೂ ತಲೆಯೊಳಗೆ ಮಿಲ್ಲು ಓಡುತ್ತಲೇ ಇರುತ್ತದೆ. ಎದುರಿಗೆ ನಿಂತು ಗಟ್ಟಿಯಾಗಿ ಮಾತಾಡಿದರೆ ತಿಳಿಯುತ್ತದೆ, ತುಟಿ ನೋಡಿ ಉಳಿದದ್ದನ್ನು ಊಹಿಸುತ್ತಾನೆ. ಸಣ್ಣ ಸದ್ದುಗಳೆಲ್ಲ ಯಾವತ್ತೋ ಹೋದವು. ಇದು ಗೊತ್ತಿದ್ದದ್ದು ಹೆಂಡತಿ ರೇವಮ್ಮನಿಗೆ ಮಾತ್ರ. ಯಾರಿಗೂ ಹೇಳಬೇಡ ಎಂದು ಅವನೇ ಕೇಳಿಕೊಂಡಿದ್ದ. ಅವತ್ತಿನಿಂದ ಆಕೆ ಊಟಕ್ಕೆ ಏಳಿ ಅನ್ನುವುದನ್ನೂ ಬೀದಿಗೆ ಕೇಳುವಂತೆ ಕೂಗುತ್ತಿದ್ದಳು. ಪಾಪ, ಕಾಂತರಾಜು ದೇವರಂಥ ಮನುಷ್ಯ, ಹೆಂಡತಿ ಬಾಯಿ ಮಾತ್ರ ಬಲು ಜೋರು ಎಂದು ಅಕ್ಕಪಕ್ಕದವರು ಮರುಗುತ್ತಿದ್ದರು.

ಕಿವಿ ಹೋದಮೇಲೂ ಅವನು ಗಾಡಿ ನೋಡಲು ಹೋಗುತ್ತಿದ್ದ. ಕೈಯಿಂದ, ಕಣ್ಣಿಂದ ತಿಳಿಯುವುದನ್ನೆಲ್ಲ ತಿಳಿದುಕೊಂಡು, ಚೂರು ಅನುಮಾನ ಬಂದರೂ ಬ್ಯಾಡ ಅನ್ನುತ್ತಿದ್ದ. ಹೇಗೋ ದೇವರು ಮರ್ಯಾದೆ ಕಾಪಾಡಿದ್ದ.

ಆ ಭಾನುವಾರ ಬಂದವನು ಹಿಂದಿನ ಬೀದಿಯ ರಾಮಣ್ಣ. ಮಗ ಅನಿಲ್‌ಕುಮಾರನಿಗೆ ಹಾಸನದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಬೆಳಗಿನ ಪಾಳಿಗೆ ಬಸ್ಸು ಸಿಗುತ್ತಿರಲಿಲ್ಲ.

“ಕಾಂತ್ರಾಜಣ್ಣ, ಒಳೆನರಸೀಪುರದಲ್ಲಿ ಒಂದು ಗಾಡಿ ಮಾತಾಡಿವ್ನಿ. ಇವತ್ತು ದಿನ ಚೆನ್ನಾಗೈತೆ. ಓಗ್ಬುಟ್ಟು ಬರಾನ ಏಳು.”

“ನಂಗೆ ಯಾಕೋ ಮೈ ಸರಿ ಇಲ್ಲ ಕಣ ರಾಮಣ್ಣ. ಬ್ಯಾರೆ ಯಾರ್ನಾದ್ರೂ...”

“ನೀನು ಕೇಳ್ದೆ ನಾನು ಗಾಡಿ ತಗತೀನಾ? ಎದ್ದೇಳಣ್ಣ!”

ಎದ್ದ. ಅನಿಲ ಚಿಕ್ಕವನಿದ್ದಾಗ ಇದೇ ಮಿಲ್ಲಿನ ರಾಗಿಚೀಲದ ಮೇಲೆ ಮಲಗಿ ನಿದ್ದೆಹೋದವನು. ಅವನಿಗೆ ಇಲ್ಲ ಅನ್ನುವುದು ಹೇಗೆ?

ಮೂವರೂ ಬಸ್ಸು ಹಿಡಿದರು. ಅನಿಲನ ಕೈಯಲ್ಲಿ ಹೊಸ ಹೆಲ್ಮೆಟ್ಟು. ರಾಮಣ್ಣನ ಹೆಂಡತಿ ನಂಜಮ್ಮ ಒಂದು ಬಟ್ಟೆಚೀಲದಲ್ಲಿ ತೆಂಗಿನಕಾಯಿ, ಅರಿಶಿನ ಕುಂಕುಮ, ಚಕ್ರದಡಿ ಇಡಲು ನಿಂಬೆಹಣ್ಣು, ಎಲ್ಲ ಕಟ್ಟಿ ಕಳಿಸಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ. ನಮ್ಮ ಕಡೆಯವರು ಸಾವಿರ ಬುದ್ಧಿ ಕಲಿತರೂ ಇದೊಂದನ್ನು ಬಿಡುವುದಿಲ್ಲ. ನಿಂಬೆಹಣ್ಣು ತಂದವನು ಗಾಡಿ ಬಿಟ್ಟುಹೋಗುವುದಿಲ್ಲ ಎಂದು ಮಾರುವವನಿಗೆ ಗೊತ್ತು. ತಂದ ಪೂಜೆ ಸಾಮಾನು ಹಾಗೇ ವಾಪಸ್ಸು ಒಯ್ಯುವುದು ಅಪಶಕುನ ಎಂದು ಕೊಳ್ಳುವವನಿಗೂ ಗೊತ್ತು.

“ಚೀಲ ಆಚೆಗೆ ತೋರುಸ್ಬ್ಯಾಡ” ಎಂದು ಕಾಂತರಾಜು ಬಸ್ಸಿನಲ್ಲೇ ಎಚ್ಚರಿಸಿದ. ಹೊಳೆನರಸೀಪುರದಲ್ಲಿ ಗಾಡಿ ಮಾರುವ ಮಂಚಯ್ಯನ ಮನೆ ಮುಟ್ಟುತ್ತಿದ್ದ ಹಾಗೆ ರಾಮಣ್ಣ ಆ ಚೀಲವನ್ನು ಜಗಲಿಯ ಮೇಲೆ ಎಲ್ಲರ ಕಣ್ಣಿಗೂ ಬೀಳುವಂತೆ ಇಟ್ಟ. ಮಂಚಯ್ಯ ಚೀಲದಿಂದ ಇಣುಕುತ್ತಿದ್ದ ಕಾಯಿಯ ಜುಟ್ಟು ನೋಡಿ ನಗುತ್ತಾ ಕಾಫಿಗೆ ಹೇಳಿದ.

ಕಾಂತರಾಜು ಮೊದಲು ಎಂಜಿನ್ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು, ಒಳ್ಳೆಯದು. ಮುಂಚೆಯೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆಂದೇ ಅರ್ಥ. ಚಾಸಿ ನಂಬರನ್ನು ಆರ್‌ಸಿಯ ಜೊತೆ ತಾಳೆ ನೋಡಿದ. ಬ್ರೇಕಿನ ಪೆಡಲ್ಲಿನ ರಬ್ಬರು ಎಷ್ಟು ಸವೆದಿದೆ, ಮೀಟರು ತೋರಿಸುವಷ್ಟೇ ಓಡಿದೆಯೇ ಎಂದು ನೋಡಿದ. ಚೈನು ಎಳೆದ, ಮುಂದಿನ ಚಕ್ರ ಅಲ್ಲಾಡಿಸಿದ. ಯಾವುದರಲ್ಲೂ ಮೋಸ ಕಾಣಲಿಲ್ಲ. ಬ್ಯಾಡ ಅನ್ನುವುದಕ್ಕೆ ಒಂದು ನೆಪ ಸಿಕ್ಕಿದ್ದರೆ ಸಾಕಿತ್ತು. ದರಿದ್ರದ್ದು, ಅದೂ ಸಿಗಲಿಲ್ಲ.

ಮಂಚಯ್ಯ ಗಾಡಿ ಸ್ಟಾರ್ಟ್ ಮಾಡಿದ. ಎಲ್ಲರೂ ಮಾತು ನಿಲ್ಲಿಸಿದರು. ಕಾಂತರಾಜು ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚಿ ಕಿವಿ ಹತ್ತಿರ ತಂದ.

ಮಿಲ್ಲು ಕೇಳಿಸಿತು. ತನ್ನ ಮಿಲ್ಲು, ತಲೆಯೊಳಗೆ, ಗರಗರ. ಅದರಾಚೆಗೆ ಏನೂ ಇಲ್ಲ. ಅಂಗೈ ಇಟ್ಟರೆ ನಡುಕ ಮಾತ್ರ ತಿಳಿಯಿತು. ಯಾವ ಎಂಜಿನ್ ನಡುಗುವುದಿಲ್ಲ? ಒಳಗೆ ಬೇರಿಂಗು ಸವೆದಿದ್ದರೆ ಓಡುತ್ತಿರುವಾಗಲೇ ಎಂಜಿನ್ ಜಾಮ್ ಆಗುತ್ತದೆ, ಹಿಂದಿನ ಚಕ್ರ ಕಟ್ಟಿಹಾಕಿದ ಹಾಗೆ ನಿಂತುಬಿಡುತ್ತದೆ. ನಸುಕಿನಲ್ಲಿ ಹಾಸನದ ರಸ್ತೆ, ಹಿಂದೆ ಒಂದು ಲಾರಿ ಇದ್ದರೆ ಮುಗಿಯಿತು. ಕಣ್ಣು ತೆರೆದ. ಅನಿಲ ಹೆಲ್ಮೆಟ್ಟು ಎದೆಗವಚಿಕೊಂಡು ನಿಂತಿದ್ದ. ರಾಮಣ್ಣ ಆಗಲೇ ಚೀಲದಿಂದ ನಿಂಬೆಹಣ್ಣು ತೆಗೆದು ಕೈಯಲ್ಲಿ ಹಿಡಿದಿದ್ದ.

ಚೆನ್ನಾಗೈತೆ ಅಂದರೆ ಒಂದೇ ಮಾತು, ಎಲ್ಲರಿಗೂ ಸಂತೋಷ. ಕಾಂತರಾಜುವಿಗೆ ಜನ್ಮದ ಆಯಾಸವೆಲ್ಲ ಒಟ್ಟಿಗೆ ಬಂದು ಹೆಗಲ ಮೇಲೆ ಕೂತ ಹಾಗಾಯಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

“ರಾಮಣ್ಣ, ನಂಗೆ ಕಿವಿ ಕೇಳಾಕಿಲ್ಲ ಕಣಪ್ಪ. ಎರಡು ವರ್ಸ ಆಯ್ತು.”

ರಾಮಣ್ಣ ನಕ್ಕ. ಚೌಕಾಸಿಯ ಹೊಸ ವರಸೆ ಇರಬೇಕು ಅಂದುಕೊಂಡ. ಕಾಂತರಾಜುವಿನ ಮುಖ ನೋಡಿ ನಗು ಬತ್ತಿತು.

“ದಿಟವಾ?”

“ದಿಟ. ಈ ಎಂಜಿನ್ ಆಡ್ತಾ ಐತೋ ಅಳ್ತಾ ಐತೋ ನಂಗೊತ್ತಿಲ್ಲ. ನನ್ನ ಮಾತು ನಂಬ್ಕಂಡು ಆ ಹುಡುಗನ್ನ ಅದ್ರ ಮೇಲೆ ಕೂರುಸ್ಬ್ಯಾಡ.”

ಅನಿಲ ಹತ್ತಿರ ಬಂದು ಎದುರಿಗೆ ಕೂತ. “ಒಳಗೆ ಟಕಟಕ ಅಂತೈತೆ ದೊಡ್ಡಪ್ಪ. ಸ್ಟಾರ್ಟ್ ಮಾಡ್ದಾಗ್ಲೇ ಕೇಳುಸ್ತು. ನೀವು ಏನೂ ಅನ್ಲಿಲ್ವಲ್ಲ, ಅದ್ಕೇ ಸುಮ್ಕಿದ್ದೆ.”

ಕಾಂತರಾಜು ರಾಮಣ್ಣನ ಕಡೆ ನೋಡಿದ. ರಾಮಣ್ಣ ನಿಂಬೆಹಣ್ಣನ್ನು ಅಂಗೈಯಲ್ಲಿ ಉರುಳಿಸುತ್ತಾ ನೆಲ ನೋಡಿ, ಆಮೇಲೆ ಮುಖ ಎತ್ತಿದ.

“ನಂಗೂ ಕೇಳುಸ್ತು ಕಣಣ್ಣ. ನೀನು ಕೇಳುಸ್ಕಂಡು ಸುಮ್ಕಿದ್ದೀಯ ಅಂದ್ರೆ ಅದೇನೂ ಇರಾಕಿಲ್ಲ ಅನ್ಕಂಡೆ.”

ಕಿವಿ ನೆಟ್ಟಗಿದ್ದ ಅಪ್ಪ ಮಗ ಇಬ್ಬರೂ ಕಿವುಡನ ಮೌನ ನಂಬಿ ತಮ್ಮ ಕಿವಿಯನ್ನೇ ಸುಳ್ಳು ಮಾಡಿಕೊಂಡಿದ್ದರು. ಇನ್ನೊಂದು ಗಳಿಗೆ ಕಾಂತರಾಜು ಸುಮ್ಮನಿದ್ದಿದ್ದರೆ ನಿಂಬೆಹಣ್ಣು ಚಕ್ರದ ಕೆಳಗೆ ಸೇರುತ್ತಿತ್ತು. ಮಂಚಯ್ಯ ಗಾಡಿ ಆಫ್ ಮಾಡಿ, ಚಳಿಗೆ ಹಂಗಂತೈತೆ ಎಂದು ಗೊಣಗಿ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದ.

ಮೂವರೂ ವಾಪಸ್ಸು ಬಸ್ಸು ಹತ್ತಿದರು. ರಾಮಣ್ಣನಿಗೆ ಬೇಸರವಿತ್ತು, ಇರಬೇಕಾದದ್ದೇ. ಆದರೂ ದುದ್ದದಲ್ಲಿ ಇಳಿದಾಗ ಚೀಲವನ್ನು ಕಾಂತರಾಜುವಿನ ಕೈಗೆ ಕೊಟ್ಟು, ಅವನ ಎದುರಿಗೆ ನಿಂತು, ಮೊದಲ ಸಲ ಗಟ್ಟಿಯಾಗಿ ಹೇಳಿದ: “ಇದ್ನ ಮನೇಗೆ ತಗಂಡೋದ್ರೆ ನಂಜಿ ನನ್ನ ಬುಡಾಕಿಲ್ಲ. ನೀನೇ ಇಕ್ಕೊ.”

ರೇವಮ್ಮ ಅಂಗಳದಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ಕಾಂತರಾಜು ಚೀಲ ಇಳಿಸಿ ಅವಳ ಪಕ್ಕದಲ್ಲೇ ಕೂತ.

“ಏಳ್ಬುಟ್ಟೆ ಕಣೇ. ಕಿವಿ ಇಚಾರ. ಎಲ್ಲಾರ್ಗೂ ಗೊತ್ತಾಯ್ತದೆ ಇನ್ನು.”

ಬೈಯುತ್ತಾಳೇನೋ ಅಂದುಕೊಂಡಿದ್ದ. ಅವಳು ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಏನೋ ಅಂದಳು. ತುಟಿ ಅಲ್ಲಾಡಿದ್ದು ಕಂಡಿತು, ಮಾತು ತಿಳಿಯಲಿಲ್ಲ. ಕಣ್ಣಲ್ಲಿ ನೀರು ನಿಂತಿತ್ತು.

“ಏನಂದೆ?”

ರೇವಮ್ಮ ಎದ್ದು ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು, ಅಕ್ಕಪಕ್ಕದ ನಾಲ್ಕು ಬಾಗಿಲಿಗೂ ಕೇಳುವಂತೆ ಕೂಗಿದಳು:

“ಇನ್ಮ್ಯಾಲಾದ್ರೂ ಊರೋರ್ಗೆ ತಿಳೀಲಿ, ನಾನು ಜಗಳಗಂಟಿ ಅಲ್ಲ ಅಂತ!”

ಕಾಂತರಾಜುವಿಗೆ ಅಷ್ಟೂ ಕೇಳಿಸಿತು.