ಮೂರು ಸಾವಿನ ರಜೆ

ತೊಗರ್ಸಿಯ ಬಸಕ್ಕ ಒಂದೇ ವರ್ಷದಲ್ಲಿ ತನ್ನ ಕಡೆಯ ಮೂವರನ್ನು ಸಾಯಿಸಿದಳು, ಅದೂ ಕಾಗದದ ಮೇಲೆ. ಮೊದಲು ದೊಡ್ಡಪ್ಪ, ಆಮೇಲೆ ಸೋದರತ್ತೆ, ಕೊನೆಗೆ ಚಿಕ್ಕಪ್ಪ. ಮೂವರೂ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದರು.

ಶಿಕಾರಿಪುರದ ಒಂದು ಬಟ್ಟೆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಕಾಲರ್ ಹೊಲಿಯುವವಳು ಅವಳು. ಗಂಡ ಅಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆ ನಿಂತದ್ದು, ಮಗಳು ಸ್ಪಂದನ ನರ್ಸಿಂಗ್ ಸೇರಿದ್ದು ಆ ಕೆಲಸದಿಂದಲೇ. ಅಲ್ಲಿ ರಜೆ ಕೇಳಿದರೆ ಮುಖ ಸಿಂಡರಿಸುತ್ತಾರೆ. ಸಾವು ಎಂದರೆ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ.

ತವರೂರು ಕುಬಟೂರಿಗೆ ಹೋಗಿದ್ದಾಗ ಅವಳ ಕಣ್ಣೆದುರೇ ಟ್ರಾಕ್ಟರೊಂದು ಸೈಕಲ್ಲಿನಲ್ಲಿ ಬರುತ್ತಿದ್ದ ಆ ಊರಿನ ಹೂವಪ್ಪನ ಮೇಲೆ ಹರಿಯಿತು. ಅವನ ಜೀವ ಅಲ್ಲೇ ಹೋಯಿತು. ಕುಡಿದು ತಾನೇ ಬಿದ್ದ ಎಂದರು ಟ್ರಾಕ್ಟರಿನವರು. ಅಲ್ಲ ಎನ್ನಲು ಇದ್ದವಳು ಬಸಕ್ಕ ಒಬ್ಬಳೇ. ಸಾಕ್ಷಿ ಹೇಳಲು ಬಾ ಎಂದು ಸೊರಬದ ಕೋರ್ಟಿನಿಂದ ಸಮನ್ಸ್ ಬಂತು. ಅದನ್ನು ಕಾರ್ಖಾನೆಯಲ್ಲಿ ತೋರಿಸಿದ್ದರೆ ಮುಗಿಯುತ್ತಿತ್ತು. ಆದರೆ ಮರ್ಯಾದಸ್ಥರ ಮನೆಯ ಹೆಂಗಸು ಕೋರ್ಟಿನ ಮೆಟ್ಟಿಲು ಹತ್ತಿದಳೆಂದರೆ ನಾಲ್ಕು ಜನ ಏನೆಂದಾರು? ಈ ಹಾಳು ಮರ್ಯಾದೆ ನಮ್ಮ ಕಡೆ ಎಷ್ಟು ಮನೆ ಮುರಿದಿದೆಯೋ. ಬಸಕ್ಕ ಸಮನ್ಸನ್ನು ಸೀರೆಗಳ ಅಡಿಗೆ ತುರುಕಿ, ದೊಡ್ಡಪ್ಪ ತೀರಿಕೊಂಡ ಎಂದು ಅರ್ಜಿ ಬರೆದಳು.

ಒಂದು ವಾಯಿದೆಗೆ ವಕೀಲರು ಬರಲಿಲ್ಲ, ಇನ್ನೊಂದಕ್ಕೆ ನ್ಯಾಯಾಧೀಶರು ರಜೆ, ಮೂರನೆಯದಕ್ಕೆ ಸಂಜೆಯವರೆಗೂ ಅವಳ ಹೆಸರು ಕೂಗಲಿಲ್ಲ. ನಾಲ್ಕನೆಯದಕ್ಕೆ ಸಾಯಿಸಲು ಯಾರೂ ಉಳಿದಿರಲಿಲ್ಲ. ಆ ಸಂಜೆ ಕೋರ್ಟಿನಲ್ಲೇ ಅವಳು ಅಳುವುದನ್ನು ನೋಡಿದ ಸರ್ಕಾರಿ ವಕೀಲರು, ಸಾಕ್ಷಿಗೆ ಬಂದವಳ ಕೆಲಸಕ್ಕೆ ಯಾರೂ ಕೈ ಹಾಕುವ ಹಾಗಿಲ್ಲ ಎಂದು ಧೈರ್ಯ ಹೇಳಿ, ಬಂದ ಮೂರೂ ದಿನಕ್ಕೆ ಮೊಹರು ಒತ್ತಿದ ಹಾಜರಿ ಪತ್ರ ಕೊಡಿಸಿದರು.

ಗೆದ್ದೆ ಎಂದುಕೊಂಡು ಅವಳು ನಾಲ್ಕನೆಯ ವಾಯಿದೆಗೆ ರಜೆ ಕೇಳಲು ಅದನ್ನು ಮ್ಯಾನೇಜರ್ ಆನಂದಪ್ಪನ ಮುಂದಿಟ್ಟಳು. ಆತ ಫೈಲು ತೆಗೆದು, ಅದೇ ಮೂರು ತಾರೀಖಿನ ಸಾವಿನ ಅರ್ಜಿಗಳನ್ನು ಪಕ್ಕದಲ್ಲಿ ಜೋಡಿಸಿದ.

“ಸಮನ್ಸ್ ತೋರ್ಸಿದ್ರೆ ನಾನೇ ರಜೆ ಕೊಡ್ತಿದ್ನಲ್ರೀ ಬಸಕ್ಕ. ಕೋರ್ಟಿಗೆ ಹೋಗಿದ್ದಕ್ಕೆ ತೆಗೀತಿಲ್ಲ ನಿಮ್ಮನ್ನ. ಸುಳ್ಳು ಬರ್ದಿದ್ದಕ್ಕೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರಾದರೂ ಕಾಲು ಹಿಡಿಯಬಹುದಿತ್ತು. ಆದರೂ ಹಿಡಿದಳು. ಆತ ಕಾಲು ಹಿಂದಕ್ಕೆಳೆದುಕೊಂಡು ಕಂಪ್ಯೂಟರಿನ ಕಡೆ ತಿರುಗಿದ.

ನಾಲ್ಕನೆಯ ವಾಯಿದೆಗೆ ಯಾರ ರಜೆಯೂ ಬೇಕಾಗಲಿಲ್ಲ. ಕಟಕಟೆಯಲ್ಲಿ ನಿಂತು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಆಮೇಲೆ ಟ್ರಾಕ್ಟರಿನವರ ವಕೀಲ ಎದ್ದ. ಅವನ ಕೈಯಲ್ಲಿ ಆ ಮೂರು ಅರ್ಜಿಗಳ ಜೆರಾಕ್ಸ್ ಇದ್ದವು. ಯಾರು ಕೊಟ್ಟರೋ ದೇವರಿಗೇ ಗೊತ್ತು. ಇವೆಲ್ಲ ಸುಳ್ಳು ತಾನೇ ಎಂದು ಕೇಳಿದ. ಹಿಂದಿನ ಬೆಂಚಿನಲ್ಲಿ ಹೂವಪ್ಪನ ಹೆಂಡತಿ ಶೇಷಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಬಸಕ್ಕ ನ್ಯಾಯಾಧೀಶರ ಕಡೆ ತಿರುಗಿದಳು.

“ಆ ಮೂರು ಸಾವು ಸುಳ್ಳು ಸ್ವಾಮಿ. ಹೂವಪ್ಪಂದೊಂದೇ ನಿಜ.”

ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕಮ್ಮ ಎಂದು ವಕೀಲ ಗದರಿದ. ಅವಳ ಉತ್ತರ ಟೈಪಾದ ಹಾಳೆಯನ್ನು ಮುಂದಿಟ್ಟರು. ‘ರಜೆ ಅರ್ಜಿಗಳಲ್ಲಿ ನಾನು ಬರೆದಿದ್ದು ಸುಳ್ಳು ಎಂದರೆ ಸರಿ’ ಎಂದು ಅದರಲ್ಲಿತ್ತು. ಎರಡನೆಯ ಮಾತನ್ನು ಅವಳು ಮೇಲಿಂದ ಕೆಳಗಿನವರೆಗೆ ಹುಡುಕಿದಳು. ಹನ್ನೊಂದು ವರ್ಷದ ಕೆಲಸ ಯಾವ ಮಾತಿಗಾಗಿ ಹೋಗಿತ್ತೋ ಆ ಮಾತು ಅಲ್ಲಿರಲಿಲ್ಲ. ಬೇಗ, ಬೇಗ ಎಂದರು. ಬಸಕ್ಕ ಸಹಿ ಹಾಕಿದಳು.