ಬೀದಿಯಲ್ಲಿ ಬಿಟ್ಟ ಕಿರೀಟ

2024ರ ನವೆಂಬರ್ 17, ಭಾನುವಾರ, ನಸುಕಿನ ಐದೂಕಾಲು ಗಂಟೆ. ತಿಕೋಟಾದ ಮನೆಯ ಹಿತ್ತಲಲ್ಲಿ ಆಶಾಬಿ ಒಲೆಯ ಮುಂದೆ ಕುಳಿತು ಅಂಟು ಕುದಿಸುತ್ತಿದ್ದಾರೆ. ನೆನೆಯಿಟ್ಟು, ಸಿಪ್ಪೆ ತೆಗೆದು, ನುಣ್ಣಗೆ ರುಬ್ಬಿದ ಹುಣಸೆಬೀಜದ ಅಂಟು ಅದು. ಕೈ ನಿಂತರೆ ತಳ ಹಿಡಿಯುತ್ತದೆ. ಹೊಗೆಗೆ ಕಣ್ಣು ಕಿರಿದಾದರೂ ಕೋಲು ತಿರುಗುತ್ತಲೇ ಇದೆ. ಒಂದು ಹನಿ ತೆಗೆದು ಎರಡು ಬೆರಳ ನಡುವೆ ಎಳೆದು ನೋಡುತ್ತಾರೆ. ಎಳೆ ಕಡಿಯದೆ ಬಂದರೆ ಹದ.

"ಅಮ್ಮಾ, ಅಂಟರ ಕಾಯಸಾಕತ್ತೀರಿ, ಕಿರೀಟ ಇಡಾಕ ತಲೀನ ಇಲ್ಲ," ಎಂದು ಸೊಸೆ ಶಾಹಿಸ್ತಾ ಬಾಗಿಲಲ್ಲಿ ನಿಂತು ಕೆಣಕುತ್ತಾಳೆ.

"ತಲಿ ಬರತೈತಿ. ನೀ ಮೊದಲ ಚಾ ಇಡು."

ಐವತ್ತೇಳರ ಆಶಾಬಿ ದೊಡ್ಡಾಟದ ರಾಜ, ರಾಕ್ಷಸ ಪಾತ್ರಗಳಿಗೆ ಕಿರೀಟ, ಭುಜಕೀರ್ತಿ ಮಾಡುವವರು. ಅಪ್ಪ ಮುನಾಫ ಅವರಿಂದ ಕಲಿತ ಕೆಲಸ. ಬಿದಿರು ಸೀಳಿ ತಲೆಗೆ ಕೂರುವ ಬಳೆ ಕಟ್ಟಬೇಕು, ಅದರ ಮೇಲೆ ಗೋಪುರ ಎಬ್ಬಿಸಬೇಕು, ಎಂಟು ಪದರ ಕಾಗದ ಮೆತ್ತಬೇಕು. ಒಂದು ಪದರ ಪೂರ್ತಿ ಒಣಗದೆ ಇನ್ನೊಂದನ್ನು ಹಚ್ಚುವಂತಿಲ್ಲ. ಕಡೆಗೆ ಹೊಳೆಯುವ ಬೇಗಡೆ ಹಾಳೆ, ಕನ್ನಡಿ ಚೂರು. ಒಣಗಿದ ಕಿರೀಟವನ್ನು ಬೆರಳಿಂದ ತಟ್ಟಿದರೆ ಕಟ್ಟಿಗೆಯ ಸದ್ದು. ತೂಕ ಎರಡು ಕಿಲೋಗಿಂತ ತುಸು ಕಡಿಮೆ.

ಎಲ್ಲಕ್ಕೂ ಮೊದಲು ಆಟಗಾರನ ತಲೆಗೆ ದಾರ ಸುತ್ತಿ ಅಳತೆ ತೆಗೆಯಬೇಕು. ತಲೆಯಿಲ್ಲದೆ ಬಳೆ ಕಟ್ಟಬಾರದು ಎಂಬುದು ಅಪ್ಪನ ಕಾಲದ ಕಟ್ಟಳೆ. ಆ ದಾರವನ್ನು ಗಂಟು ಹಾಕಿ ಕಿರೀಟದೊಳಗೇ ಇಡುತ್ತಾರೆ. "ಅಂಗಡಿ ಟೋಪಿ ಯಾರಿಗರ ಕೂಡತೈತಿ. ಇದು ಒಬ್ಬಂದ ತಲೀದು," ಎನ್ನುತ್ತಾರೆ ಆಶಾಬಿ.

ಈಗ ಅವರು ಕಾಯುತ್ತಿರುವುದು ಘೋಣಸಗಿಯ ಶಿವಯೋಗೆಪ್ಪನವರ ತಲೆಗೆ. ಎಪ್ಪತ್ತಾರರ ಈ ಹಿರಿಯ ಕಲಾವಿದರು ಮುನಾಫ ಕಟ್ಟಿದ ಒಂದೇ ಕಿರೀಟವನ್ನು ನಲವತ್ತು ವರ್ಷ ತೊಟ್ಟು ರಾಜನ ಪಾತ್ರ ಮಾಡಿದವರು. ಆ ಕಿರೀಟದ ದಾರ ಇಪ್ಪತ್ತೆರಡೂವರೆ ಇಂಚು ಇತ್ತು. ಈಗ ಕಿರೀಟವೂ ಇಲ್ಲ, ದಾರವೂ ಇಲ್ಲ.

ಆದದ್ದು ಇಷ್ಟು. ಆಗಸ್ಟ್ ಕಡೆಯಲ್ಲಿ ವಿಜಯಪುರದಿಂದ ಗುತ್ತಿಗೆ ಕಂಪನಿಯ ಸೂಪರ್‌ವೈಸರ್ ಒಬ್ಬರು ಬಂದರು. ಸ್ಟೇಷನ್ ರಸ್ತೆಯ ತಿರುವಿನಲ್ಲಿ ದೊಡ್ಡಾಟದ ರಾಜನ ಸಿಮೆಂಟ್ ಮೂರ್ತಿ ನಿಲ್ಲುತ್ತದೆ, ನೆಲದ ಕಲೆಗೆ ಗೌರವ, ತಲೆಯ ಮೇಲೆ ನಿಜವಾದ ಕಿರೀಟವೇ ಬೇಕು, ಹತ್ತು ದಿನದಲ್ಲಿ ಉದ್ಘಾಟನೆ ಎಂದರು. ಶ್ರಾವಣದ ತೇವದಲ್ಲಿ ಹತ್ತು ದಿನಕ್ಕೆ ಎರಡು ಪದರವೂ ಒಣಗುವುದಿಲ್ಲ. ಆಶಾಬಿ ಘೋಣಸಗಿಗೆ ಹೋಗಿ ಶಿವಯೋಗೆಪ್ಪನವರ ಕಿರೀಟ ಕೇಳಿದರು. ಅವರು ಅದನ್ನು ಸುತ್ತಿಟ್ಟ ಬಟ್ಟೆ ಸಮೇತ ಕೈಗಿಟ್ಟು, "ಊರ ಮಂದಿ ನೋಡ್ಲಿ. ನಿನ್ನ ಮಾತಿನ ಮ್ಯಾಲ ಕೊಡಾಕತ್ತೇನಿ," ಎಂದರು.

ಉದ್ಘಾಟನೆಯಾಯಿತು. ಭಾಷಣ, ಹಾರ, ಫೋಟೊ. ಆಶಾಬಿ ಹಿಂದಿನ ಸಾಲಿನಲ್ಲಿ ನಿಂತು ನೋಡಿ, ಬಸ್ ಹಿಡಿದು ಊರಿಗೆ ಬಂದರು. ಕಿರೀಟವನ್ನು ಯಾವಾಗ ಇಳಿಸುತ್ತೀರಿ ಎಂದು ಕೇಳಲಿಲ್ಲ.

"ಮಂಗಳ ಹಾಡಿದ ಮ್ಯಾಲ ಕಿರೀಟ ಇಳಸ್ತಾರಲ್ರಿ. ಬಟ್ಟಿ ಸುತ್ತಿ ಪೆಟಗಿದಾಗ ಇಡ್ತಾರ. ಇವರೂ ಹಂಗ ಮಾಡ್ತಾರ ಅನಕೊಂಡೆ. ರಾಜಾನ್ನ ರಸ್ತೆದಾಗ ಬಿಟ್ಟ ಯಾರರ ಮನಿಗೆ ಹೋಗ್ತಾರೇನ್ರಿ?" ಎಂದು ಆಶಾಬಿ ಕೇಳುತ್ತಾರೆ.

ಬಿಟ್ಟು ಹೋಗಿದ್ದರು. ಕಿರೀಟಕ್ಕೆ ತೂತು ಕೊರೆದು ಸಿಮೆಂಟ್ ತಲೆಗೆ ಸ್ಕ್ರೂ ಹಾಕಿದ್ದರು. ವಾರ ಕಳೆಯುವುದರೊಳಗೆ ಇಡೀ ಮಧ್ಯಾಹ್ನ ಮಳೆ ಸುರಿಯಿತು. ಹುಣಸೆಬೀಜದ ಅಂಟು ಒಣಗಿದಾಗ ಎಷ್ಟು ಬಿಗಿಯೋ ನೀರು ಕುಡಿದಾಗ ಅಷ್ಟೇ ಸಡಿಲ. ಪದರಗಳು ಉಬ್ಬಿ, ಬಿರಿದು, ಮೂರ್ತಿಯ ಹೆಗಲ ಮೇಲೆ ಜಾರಿದವು. ಕನ್ನಡಿ ಚೂರುಗಳ ಮೇಲೆ ಆಟೋಗಳು ಹಾದುಹೋದವು. ಯಾರೋ ಕಳಿಸಿದ ವಿಡಿಯೊವನ್ನು ಶಾಹಿಸ್ತಾ ಫೋನಿನಲ್ಲಿ ತೋರಿಸಿದಳು. ಆಶಾಬಿ ಮರುದಿನದ ಮೊದಲ ಬಸ್ಸಿಗೆ ಓಡಿದರು. ಅಷ್ಟರಲ್ಲಿ ಕಸದ ಗಾಡಿ ಬಂದು ಹೋಗಿತ್ತು.

ಸೂಪರ್‌ವೈಸರ್ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಮಳಿಗೆ ತಡಿಯೂದಿಲ್ಲ ಅಂತ ಮೊದಲ ಹೇಳಬೇಕಿತ್ತಲ್ರಿ."

ಈಗ ಮೂರ್ತಿಯ ಮೇಲೆ ಫೈಬರ್ ಕಿರೀಟವಿದೆ. ಮಳೆಗೂ ಜಗ್ಗದು, ಬಿಸಿಲಿಗೂ ಜಗ್ಗದು. ಕೆಳಗಿನ ಕಲ್ಲಿನಲ್ಲಿ ಅತಿಥಿಗಳ ಹೆಸರುಗಳಿವೆ. ಮುನಾಫರ ಹೆಸರಿಲ್ಲ, ಶಿವಯೋಗೆಪ್ಪನವರ ಹೆಸರಿಲ್ಲ. ಸಂಜೆ ಜನ ಅಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಆಶಾಬಿ ಒಮ್ಮೆ ಹೋಗಿ ನೋಡಿ ಬಂದಿದ್ದಾರೆ. "ಛಲೋ ಹೊಳೀತೈತ್ರಿ. ಆದ್ರ ಒಳಗ ಗಟ್ಟಿ ತುಂಬ್ಯಾರ. ತಲಿ ಹೋಗಾಕ ಜಾಗಾನ ಇಲ್ಲ."

ಶಿವಯೋಗೆಪ್ಪ ಬೈಯಲಿಲ್ಲ. ಬೈದಿದ್ದರೆ ಆಶಾಬಿಗೆ ಹಗುರಾಗುತ್ತಿತ್ತು. ಅವರು ತಿಕೋಟಾದ ಸಂತೆಗೆ ಬಂದರೂ ಈ ಓಣಿಗೆ ಬರುವುದನ್ನು ಬಿಟ್ಟರು. ಇನ್ನೆರಡು ವಾರಕ್ಕೆ ಬರುವ ಛಟ್ಟಿ ಅಮಾವಾಸ್ಯೆಗೆ ಘೋಣಸಗಿಯಲ್ಲಿ ಆಟವಿದೆ. ಇದೇ ತಮ್ಮ ಕಡೆಯ ರಾಜನ ಪಾತ್ರ ಎಂದು ಅವರು ಊರಲ್ಲೆಲ್ಲ ಹೇಳಿದ್ದಾರೆ. ಈ ಚಳಿಗಾಳಿಯಲ್ಲಿ ದಿನಕ್ಕೊಂದು ಪದರ ಒಣಗುತ್ತದೆ. ಕನ್ನಡಿ ಕೂರಿಸುವ ಕೆಲಸವನ್ನೂ ಸೇರಿಸಿದರೆ ಇವತ್ತೇ ಬಳೆ ಕಟ್ಟಬೇಕು. ಆಶಾಬಿ ಎರಡು ಸಲ ಹೇಳಿಕಳಿಸಿದ್ದಾರೆ. ಉತ್ತರ ಬಂದಿಲ್ಲ.

"ತಪ್ಪ ನಂದ ಐತ್ರಿ. ಅವರಿಗೆ ನೆಪ್ಪಾದಾಗೊಮ್ಮೆ ಸಿಟ್ಟ ಬರತೈತಿ. ನನ್ನ ತಪ್ಪ ದಿನಾ ಹೊತ್ತ ಹೊಂಟ ಕೂಡ್ಲೆ ನನ್ನ ಮುಂದ ಎದ್ದ ಕೂಡತೈತಿ," ಎಂದು ಹೇಳಿ ಆಶಾಬಿ ಅಂಟಿನ ಪಾತ್ರೆ ಇಳಿಸುತ್ತಾರೆ.

ಏಳು ಗಂಟೆಯ ಹೊತ್ತಿಗೆ ಓಣಿಯಲ್ಲಿ ಟಂಟಂ ಆಟೊ ನಿಲ್ಲುತ್ತದೆ. ಶಿವಯೋಗೆಪ್ಪ ಇಳಿದು ಬಂದು ಕಟ್ಟೆಯ ಮೇಲೆ ಕೂರುತ್ತಾರೆ.

"ಬರ್ರಿ ಕಾಕಾ. ಚಾ..."

"ಚಾ ಕುಡ್ಯಾಕ ಬಂದಿಲ್ಲ," ಎನ್ನುತ್ತ ಅವರು ತಲೆಯ ಪಟಕ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಎಡಗಿವಿಯ ಮೇಲೆ ಬೆರಳಿಟ್ಟು, "ನಿಮ್ಮಪ್ಪನ ಕಿರೀಟದಾಗ ಎಡಗಿವಿ ಮ್ಯಾಲ ಒಂದು ಗಂಟಿತ್ತು ಬೇ. ನಲವತ್ತ ವರ್ಷ ಚುಚ್ಚೇತಿ ಹರಾಮಿ. ಅದು ಚುಚ್ಚಿದ್ರನ ನನಗ ಮಾತ ನೆಪ್ಪ ಆಗತಿತ್ತು. ಇದರಾಗೂ ಹಾಕು," ಎನ್ನುತ್ತಾರೆ.

"ಹಾಕ್ತೇನ್ರಿ."

"ಮತ್ತ ಯಾರರ ಕೇಳಿದ್ರ?"

"ನನ್ನ ತಲಿ ಕೊಟ್ಟೇನು. ಇದನ್ನ ಕೊಡೂದಿಲ್ಲ."

ಅವರು ತಲೆ ತಗ್ಗಿಸುತ್ತಾರೆ. ಕೂದಲೆಲ್ಲ ಉದುರಿದ ತಲೆ. ಆಶಾಬಿ ದಾರ ಸುತ್ತಿ, ಗಂಟು ಬಿಗಿದು, ಮೆಲ್ಲಗೆ ತೆಗೆದು ಟೇಪಿನ ಮೇಲೆ ಚಾಚುತ್ತಾರೆ. ಇಪ್ಪತ್ತೊಂದೂವರೆ ಇಂಚು. ಅಪ್ಪನ ದಾರಕ್ಕಿಂತ ಒಂದು ಇಂಚು ಕಡಿಮೆ.